ಹಸಿ ಬಣ್ಣ

ಫೆಬ್ರವರಿ 3, ಸೋಮವಾರ

ಅಕ್ಕನ ಮನೆಯಿಂದ ಬೆಳಿಗ್ಗೆ ಬಂದೆ. ನಾನು ಮನೆಯಲ್ಲಿ ಇಲ್ಲದಿದ್ದದ್ದು ಒಂಬತ್ತು ದಿನ. ಒಂಬತ್ತೇ ದಿನ. ಗೇಟು ತೆಗೆದರೆ ನನ್ನ ಕಾರು ನಿಲ್ಲುವ ಜಾಗದಲ್ಲಿ ಯಾರದೋ ಕಾರು ನಿಂತಿದೆ. ನಂಬರ್ ನನ್ನದು. ಬಣ್ಣ ನನ್ನದಲ್ಲ.

ಇವರು ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದರು. "ಹೇಗಿದೆ? ನಿನಗೆ ಗೊತ್ತಾಗದ ಹಾಗೆ ಮಾಡಿಸಿಟ್ಟೆ. ಹೊಸದರ ಥರ ಇಲ್ವಾ?"

ಚೀಲ ಕೆಳಗಿಟ್ಟು ಕಾರಿನ ಸುತ್ತ ಒಂದು ಸುತ್ತು ಬಂದೆ. ಬಲಗಡೆಯ ಬಾಗಿಲುಗಳು ಒಂದು ನೀಲಿ, ಬಾನೆಟ್ಟು ಇನ್ನೊಂದು ನೀಲಿ. ನನ್ನ ಕಾರು ಶಾಯಿ ನೀಲಿ, ಇವೆರಡೂ ಅದಲ್ಲ. ಕೈಯಾಡಿಸಿದರೆ ಕಿತ್ತಳೆ ಸಿಪ್ಪೆ ಮುಟ್ಟಿದ ಹಾಗಿದೆ. ಕಿಟಕಿಯ ರಬ್ಬರಿಗೆ ಬಣ್ಣ, ವೈಪರಿಗೆ ಬಣ್ಣ, ಟೈರಿಗೂ ಬಣ್ಣ. ಹಿಂದಿನ ಬಾಗಿಲಿಗೆ ಒಂದು ಸೊಳ್ಳೆ ಅಂಟಿಕೊಂಡು ಸತ್ತಿದೆ. ಅದನ್ನು ತೆಗೆಯುವ ಗೋಜಿಗೂ ಹೋಗದೆ ಅದರ ಮೇಲೆಯೇ ಹೊಡೆದಿದ್ದಾರೆ.

"ಏನಾಗಿತ್ತು ಇದಕ್ಕೆ?" ಎಂದು ಕೇಳಿದೆ.

ಇವರ ನಗು ಸಣ್ಣದಾಯಿತು. ತಮ್ಮನಿಗೆ ಎರಡು ದಿನಕ್ಕೆ ಕೊಟ್ಟಿದ್ದರಂತೆ. ಅವನು ಯಾವುದೋ ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದನಂತೆ. ನನಗೆ ಬೇಜಾರಾಗಬಾರದು ಅಂತ ಮೂರೇ ದಿನದಲ್ಲಿ ಪೇಂಟ್ ಮುಗಿಸಿದರಂತೆ. ಇವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು, ಕಿಟಕಿಗೆ ಯಾರು ಬಂದರೂ ಹೂಂ ಅನ್ನುವುದೊಂದನ್ನೇ ಕಲಿತಿದ್ದಾರೆ.

ಸಂಜೆ ಮೈದುನನ ಫೋನ್. "ಅತ್ತಿಗೆ, ನನ್ನ ತಪ್ಪೇನಿಲ್ಲ, ಕಂಬ ಅಡ್ಡ ಬಂತು." ಕಂಬ ಅಡ್ಡ ಬರುವುದನ್ನು ನನ್ನ ಐವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ. ಫೋನಿಟ್ಟೆ.

ಇಪ್ಪತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿಂತೇ ದುಡಿದು, ನನ್ನ ಹೆಸರಿನಲ್ಲಿ ನಾನು ಕೊಂಡದ್ದು ಇದೊಂದೇ ವಸ್ತು. ಅದನ್ನು ಕೊಡುವಾಗ ನನ್ನನ್ನು ಒಂದು ಮಾತು ಕೇಳಬೇಕು ಅಂತ ಇವರಿಗೆ ಹೊಳೆಯಲಿಲ್ಲ. ಬಣ್ಣ ಹೊಡೆಸುವಾಗಲೂ ಹೊಳೆಯಲಿಲ್ಲ. ಜಗಳ ಆಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಈ ಖಾಲಿ ಡೈರಿ ತೆಗೆದಿದ್ದೇನೆ. ಎಲ್ಲಾದರೂ ಒಂದು ಕಡೆ ಕಕ್ಕಬೇಕಲ್ಲ.

ಫೆಬ್ರವರಿ 5, ಬುಧವಾರ

ಎಲ್ಲರದ್ದೂ ಒಂದೇ ರಾಗ. ಅಕ್ಕ: "ಬಣ್ಣ ತಾನೇ, ಬಿಡೇ." ಪಕ್ಕದ ಮನೆಯವರು: "ದೂರದಿಂದ ಗೊತ್ತಾಗಲ್ಲ ಬಿಡಿ." ವಾರ್ಡಿನ ಸಿಸ್ಟರು: "ಓಡುತ್ತಲ್ಲ, ಸಾಕಲ್ವಾ?"

ನಾನೂ ನಾಳೆ ಥಿಯೇಟರಿನಲ್ಲಿ ಹೀಗೇ ಹೇಳಲೇ? ಹೊಲಿಗೆ ತಾನೇ, ಸೊಟ್ಟಗಿದ್ದರೇನು, ಶರ್ಟು ಹಾಕಿಕೊಂಡರೆ ಗೊತ್ತಾಗಲ್ಲ ಅಂತ?

ಇವರ ಜೊತೆ ಮಾತು ಬಿಟ್ಟಿದ್ದೇನೆ. ಇವರಿಗೆ ಅದು ಗೊತ್ತಾಗಲು ಎರಡು ದಿನ ಬೇಕಾಯಿತು.

ಫೆಬ್ರವರಿ 9, ಭಾನುವಾರ

ಕಾರಿಗೆ ಸರಿಯಾಗಿ ಬಣ್ಣ ಹೊಡೆಸಲೇಬೇಕು ಎಂದು ಮೂರು ಗ್ಯಾರೇಜು ಸುತ್ತಿದೆ. ಮೊದಲನೆಯವನು ಮೊಬೈಲ್ ನೋಡುತ್ತಲೇ "ಪಾಲಿಶ್ ಹೊಡೆದರೆ ಸರಿಹೋಗುತ್ತೆ" ಎಂದ. ಎರಡನೆಯವನು ಕಾರನ್ನು ಬಿಟ್ಟು ನನ್ನ ಹಿಂದೆ ನೋಡಿ "ಸಾರ್ ಬಂದಿಲ್ವಾ?" ಎಂದು ಕೇಳಿದ. ಸಾರ್ ಬಂದದ್ದರಿಂದಲೇ ಈ ಗತಿ ಬಂದಿದೆ ಎಂದು ಹೇಳಿ ಹೊರಟೆ.

ಮೂರನೆಯದು ಮರದ ಡಿಪೋದ ಹಿಂದಿರುವ ಒಂದು ತಗಡಿನ ಶೆಡ್ಡು. ಗಂಡ ಹೆಂಡತಿ ಇಬ್ಬರೇ ಕೆಲಸ ಮಾಡುತ್ತಾರೆ. ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಅರವತ್ತರ ಹತ್ತಿರದ ಮನುಷ್ಯ, ಕಡ್ಡಿಯಂಥ ಮೈ, ಮುಖ ಗಂಟು. ಬಾಯಲ್ಲಿ ಒಂದು ನಮಸ್ಕಾರವೂ ಇಲ್ಲ. ಕಣ್ಣು ಮುಚ್ಚಿಕೊಂಡು ಬಾನೆಟ್ಟಿನ ಮೇಲೆ ಅಂಗೈ ಎಳೆದರು. ಬಾಗಿಲಿಗೆ ಬೆರಳಿನಿಂದ ಎರಡು ಕಡೆ ಕುಟ್ಟಿದರು. ಒಂದು ಕಡೆ ಟಣ್ ಎಂದಿತು, ಇನ್ನೊಂದು ಕಡೆ ಹಲಗೆಯ ಹಾಗೆ ಸದ್ದು ಮಾಡಿತು.

"ಇದನ್ನು ನಾನು ಮಾಡಲ್ಲ. ತಗೊಂಡು ಹೋಗಿ."

"ಯಾಕೆ?"

"ಒಳಗೆ ಪುಟ್ಟಿ ಮೆತ್ತಿದ್ದಾರೆ, ಬೆರಳು ದಪ್ಪ. ಅದರ ಮೇಲೆ ನಾನು ಬಣ್ಣ ಹೊಡೆದರೆ ಆರು ತಿಂಗಳಿಗೆ ಹಪ್ಪಳ ಏಳುತ್ತೆ. ಆಮೇಲೆ ನನ್ನ ಹೆಸರು ಹೇಳಿ ಬೈತೀರಿ. ಎಲ್ಲಾ ಕಿತ್ತು, ತಗಡು ಕಾಣೋವರೆಗೂ ಉಜ್ಜಿ, ಮೊದಲಿಂದ ಮಾಡಬೇಕು. ಅಷ್ಟು ತಾಳ್ಮೆ ಯಾರಿಗೂ ಇರಲ್ಲ."

"ನನಗಿದೆ."

"ಎಲ್ಲರೂ ಹಂಗೇ ಅಂತಾರೆ. ನಾಲ್ಕನೇ ದಿನಕ್ಕೆ ಫೋನ್ ಮೇಲೆ ಫೋನ್ ಮಾಡ್ತಾರೆ."

"ನಾನು ಫೋನ್ ಮಾಡಲ್ಲ. ಬಂದು ನೋಡ್ತೀನಿ."

ಆಗ ಮೊದಲ ಸಲ ನನ್ನ ಮುಖ ನೋಡಿದರು. "ಬಂದು ನೋಡೋದಾದ್ರೆ ತನ್ನಿ" ಎಂದರು.

ಇಷ್ಟು ದಿನದಲ್ಲಿ ನನ್ನ ಸಿಟ್ಟನ್ನು ಸರಿಯಾಗಿ ಅರ್ಥ ಮಾಡಿಕೊಂಡ ಮನುಷ್ಯ ಈ ಮೇಸ್ತ್ರಿ ಒಬ್ಬರೇ. ಅದೂ ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು.

ಫೆಬ್ರವರಿ 12, ಬುಧವಾರ

ಕಾರು ಬಿಟ್ಟು ಬಂದೆ. ಯಾವ ಬಣ್ಣ ಎಂಬ ಮಾತು ಬಂತು. ಮೇಸ್ತ್ರಿ ಎರಡು ಡಬ್ಬ ತೋರಿಸಿದರು. ಒಂದು ಹಳೆಯ ಕಾಲದ್ದು, ಗಾಳಿಗೆ ತಾನೇ ಒಣಗುವಂಥದ್ದು. ಚೆನ್ನಾಗಿಯೇ ಕಾಣುತ್ತದೆ, ಆದರೆ ನಾಲ್ಕು ವರ್ಷಕ್ಕೆ ಮಂಕಾಗುತ್ತದೆ. ಇನ್ನೊಂದಕ್ಕೆ ಹಾರ್ಡನರ್ ಎಂಬ ದ್ರವ ಬೆರೆಸಬೇಕು. ಗಾಜಿನ ಹಾಗೆ ಗಟ್ಟಿಯಾಗಿ, ಹತ್ತು ವರ್ಷ ಹೊಳೆಯುತ್ತದೆ.

"ಹಳೇದೇ ಸಾಕು ಬಿಡಿ. ಗಾಡಿಗೂ ವಯಸ್ಸಾಗಿದೆ" ಎಂದರು.

"ಒಳ್ಳೇದು ಯಾವುದೋ ಅದನ್ನೇ ಹಾಕಿ. ಸಾಕು ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ."

ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಮೇಸ್ತ್ರಿ ಅವರ ಕಡೆ ಒಂದು ನೋಟ ಎಸೆದರು. ಆಕೆ ಬಾಯಿ ಮುಚ್ಚಿಕೊಂಡು ಎಮರಿ ಪೇಪರ್ ನೀರಿಗೆ ಅದ್ದತೊಡಗಿದರು.

ಫೆಬ್ರವರಿ 17, ಸೋಮವಾರ

ಬಸ್ಸು. ನಿಂತೇ ಬಂದೆ. ಡ್ಯೂಟಿಯಲ್ಲಿ ನಿಲ್ಲು, ಬಸ್ಸಿನಲ್ಲಿ ನಿಲ್ಲು. ಇಳಿದರೆ ಸ್ಟಾಪಿನಲ್ಲಿ ಇವರು ನಿಂತಿದ್ದಾರೆ, ನನ್ನ ಚೀಲ ಹೊರುವುದಕ್ಕೆ. ಕೊಡಲಿಲ್ಲ. ಹತ್ತು ಹೆಜ್ಜೆ ಹಿಂದೆ ನಡೆದುಕೊಂಡು ಬಂದರು, ನಾನು ಹಿಡಿದು ತರುತ್ತಿರುವ ಆರೋಪಿಯ ಹಾಗೆ.

ಫೆಬ್ರವರಿ 20, ಗುರುವಾರ

ಮಧ್ಯಾಹ್ನ ರಜೆ ಹಾಕಿ ಶೆಡ್ಡಿಗೆ ಹೋದೆ. ನನ್ನ ಕಾರನ್ನು ಗುರುತು ಹಿಡಿಯಲು ಆಗಲಿಲ್ಲ. ಬಾಗಿಲುಗಳು ಬರೀ ತಗಡು. ಕಿತ್ತ ಪುಟ್ಟಿಯ ಚಕ್ಕೆಗಳನ್ನು ಮೇಸ್ತ್ರಿ ಒಂದು ಬಕೆಟ್ಟಿನಲ್ಲಿ ಹಾಕಿಟ್ಟಿದ್ದರು, ನನಗೆ ತೋರಿಸಲಿಕ್ಕೆ. "ಇದು ಬಣ್ಣ ಅಲ್ಲ, ಮೋಸ" ಎಂದು ಬಕೆಟ್ಟಿಗೆ ಕಾಲಿನಿಂದ ಒದ್ದರು. ನನಗೂ ಒದೆಯಬೇಕೆನಿಸಿತು. ಒದ್ದೆ. ಮನಸ್ಸಿಗೆ ಬಹಳ ಹಿತವಾಯಿತು.

ಹೆಂಡತಿ ನೀರು ಹಾಕಿ ಉಜ್ಜುತ್ತಿದ್ದರು. ನನ್ನನ್ನು ಅಕ್ಕಾ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಉಜ್ಜುತ್ತಿದ್ದಾರೆ. ಬೆರಳ ತುದಿ ತೋರಿಸಿದರು. ಗೆರೆಯೇ ಇಲ್ಲ, ನುಣ್ಣಗೆ ಸವೆದಿವೆ. "ಬ್ಯಾಂಕಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಮಿಷನ್ನು ನನ್ನನ್ನ ಮನುಷ್ಯಳೇ ಅಲ್ಲ ಅನ್ನುತ್ತೆ ಅಕ್ಕಾ" ಎಂದು ನಕ್ಕರು.

ನಾನೂ ಒಂದು ಗಂಟೆ ಉಜ್ಜಿದೆ. ಸೀರೆ ಒದ್ದೆಯಾಯಿತು. ಭುಜ ಹಿಡಿದುಕೊಂಡಿದೆ.

ಮೇಸ್ತ್ರಿ ಕೆಮ್ಮುತ್ತಿದ್ದರು. ಕಫದ ಕೆಮ್ಮಲ್ಲ. ಒಣ ಕೆಮ್ಮು, ಕೊನೆಯಲ್ಲಿ ಒಂದು ಸಿಳ್ಳೆಯ ಸದ್ದು. ಒಳಗೆ ಬೇರೊಂದು ಕಾರಿಗೆ ಬಣ್ಣ ಹೊಡೆದು ಆಗಷ್ಟೇ ಹೊರಗೆ ಬಂದಿದ್ದರು. ಮೂಗಿಗೆ ಕಟ್ಟಿಕೊಂಡದ್ದು ಒಂದು ಕರ್ಚೀಫು.

ಫೆಬ್ರವರಿ 25, ಮಂಗಳವಾರ

ಇವತ್ತು ಕೇಳಿಯೇಬಿಟ್ಟೆ. "ಎಷ್ಟು ದಿನದಿಂದ ಈ ಕೆಮ್ಮು?"

"ಧೂಳು."

"ಧೂಳಲ್ಲ. ರಜೆಯ ದಿನ ಇರುತ್ತಾ?"

"ನೀವು ಗಾಡಿ ನೋಡೋಕೆ ಬಂದಿದ್ದೀರಾ, ನನ್ನನ್ನ ನೋಡೋಕೆ ಬಂದಿದ್ದೀರಾ?"

ಹೆಂಡತಿಯೇ ಹೇಳಿದರು. ಭಾನುವಾರ ಕೆಮ್ಮು ಕಡಿಮೆ. ಹೋದ ವರ್ಷ ಅವರ ಅಣ್ಣನ ಮನೆಯಲ್ಲಿ ಹತ್ತು ದಿನ ಇದ್ದಾಗ ಕೆಮ್ಮೇ ಇರಲಿಲ್ಲ. ಬಂದು ಬಣ್ಣ ಸಿಂಪಡಿಸುವ ಗನ್ ಹಿಡಿದ ದಿನ ಸಂಜೆಯೇ ಮತ್ತೆ ಶುರು. ಕೆಲವು ದಿನ ಮಲಗಲು ಆಗುವುದಿಲ್ಲ, ಕೂತೇ ಇರುತ್ತಾರೆ. "ಹೊಸ ಥರದ ಬಣ್ಣ ಬಂದಾಗಿನಿಂದ ಅಕ್ಕಾ. ಆ ಹಾರ್ಡನರ್ ಹಾಕೋದು."

ಅವತ್ತು ಡಬ್ಬ ತೋರಿಸುವಾಗ ಆಕೆ ಬಾಯಿ ತೆರೆದು ಮುಚ್ಚಿಕೊಂಡದ್ದು ಇದಕ್ಕೇ.

ಮೇಸ್ತ್ರಿಗೆ ಸಿಟ್ಟು ಬಂತು, ಹೆಂಡತಿಯ ಮೇಲೆ. ನನಗೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ಕೂಗಾಡಿದೆ. ಅವನು ಚಿಲ್ಲರೆ ಸರಿಯಾಗಿಯೇ ಕೊಟ್ಟಿದ್ದ.

ಮಾರ್ಚ್ 1, ಶನಿವಾರ

ಶೆಡ್ಡಿನಲ್ಲಿ ಹಾರ್ಡನರ್ ಡಬ್ಬ ಎತ್ತಿಕೊಂಡು ಹಿಂಭಾಗ ಓದಿದೆ. ಕನ್ನಡಕ ಹಾಕಿಯೂ ಸಾಲದೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರ. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಇಲ್ಲದೆ ಸಿಂಪಡಿಸಬಾರದು. ಉಸಿರಾಟದ ತೊಂದರೆ ಇರುವವರು ಬಳಸಲೇಬಾರದು. ಬರೆದಿದ್ದಾರೆ. ಯಾರೂ ಓದಬಾರದು ಅಂತ ಬರೆದಿದ್ದಾರೆ.

ಡಬ್ಬ ಹಿಡಿದುಕೊಂಡೇ ಪೇಂಟ್ ಅಂಗಡಿಗೆ ಹೋದೆ. ಅಂಗಡಿಯವನು ಕುರ್ಚಿಯಿಂದ ಏಳಲಿಲ್ಲ.

"ಇದನ್ನು ಮಾರುವಾಗ ಈ ಮಾಸ್ಕಿನ ವಿಷಯ ಹೇಳ್ತೀರಾ?"

"ಡಬ್ಬದ ಮೇಲೆ ಇದೆಯಲ್ಲ ಮೇಡಂ."

"ಆ ಮಾಸ್ಕು ನಿಮ್ಮಲ್ಲಿ ಇದೆಯಾ?"

"ಯಾರೂ ಕೇಳಲ್ಲ. ಇಡಲ್ಲ."

"ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳೋದು?"

"ಇದನ್ನೆಲ್ಲ ಯಾರು ಓದ್ತಾರೆ ಮೇಡಂ" ಎಂದು ಹಲ್ಲು ಬಿಟ್ಟ. ಪಕ್ಕದಲ್ಲಿ ನಿಂತಿದ್ದವನೂ ನಕ್ಕ.

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಸರ್ಜನ್ ಎದುರಿಗೂ ನಾನು ದನಿ ಎತ್ತಿದವಳಲ್ಲ. ಇವತ್ತು ಅಂಗಡಿಯ ಮುಂದೆ ಹೋಗುತ್ತಿದ್ದವರು ನಿಂತು ನೋಡುವಷ್ಟು ಎತ್ತಿದೆ. ಏನೇನು ಅಂದೆನೋ ನೆನಪಿಲ್ಲ. ಅವನು ಕುರ್ಚಿಯಿಂದ ಎದ್ದದ್ದು ನೆನಪಿದೆ.

ಮಾರ್ಚ್ 5, ಬುಧವಾರ

ಮೇಸ್ತ್ರಿಯನ್ನು ನಮ್ಮ ಆಸ್ಪತ್ರೆಗೆ ಎಳೆದು ತಂದೆ. ಎಳೆದು ಎಂದರೆ ಎಳೆದೇ. ಒಂದು ಕಡೆ ನಾನು, ಇನ್ನೊಂದು ಕಡೆ ಹೆಂಡತಿ.

ಕೊಳವೆಗೆ ಊದಿಸಿದರು. ಮೂರು ಸಲ. ಮೂರನೆಯ ಸಲ ಊದುವಾಗ ಕಣ್ಣಲ್ಲಿ ನೀರು ಬಂತು. ಊದಲಾಗದೆ ಬಂದದ್ದೋ, ಅವಮಾನಕ್ಕೆ ಬಂದದ್ದೋ. ಶ್ವಾಸಕೋಶದ ಡಾಕ್ಟರು ಚಿಕ್ಕ ವಯಸ್ಸಿನವರು, ಸುತ್ತಿ ಬಳಸಿ ಹೇಳಲಿಲ್ಲ.

"ಆ ಹಾರ್ಡನರ್ ನಿಮ್ಮ ಎದೆಗೆ ಆಗ್ತಾ ಇಲ್ಲ. ಒಮ್ಮೆ ಹೀಗಾದ ಮೇಲೆ ಸ್ವಲ್ಪ ಹೊಡೀತೀನಿ, ಕಡಿಮೆ ಹೊಡೀತೀನಿ ಅನ್ನೋದೆಲ್ಲ ಇಲ್ಲ. ಬಿಡಬೇಕು."

"ಈ ಮೇಡಂ ಗಾಡಿ ಒಂದು ಮುಗಿಸಿ ಬಿಡ್ತೀನಿ" ಎಂದರು ಮೇಸ್ತ್ರಿ.

"ಆ ಒಂದೇ ಗಾಡಿ ಸಾಕು ನಿಮ್ಮನ್ನ ಮುಗಿಸೋಕೆ."

ಸೇದುವ ಔಷಧಿ ಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಮೇಸ್ತ್ರಿ ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಹೆಂಡತಿ ಅಳಲಿಲ್ಲ. "ನಾನು ಹೇಳ್ತಾನೇ ಇದ್ದೆ, ನಾನು ಹೇಳ್ತಾನೇ ಇದ್ದೆ" ಎಂದು ಗೋಡೆಗೆ ಹೇಳುತ್ತಿದ್ದರು.

ಮಾರ್ಚ್ 6, ಗುರುವಾರ

ಒಳ್ಳೇದು ಯಾವುದೋ ಅದನ್ನೇ ಹಾಕಿ ಅಂದವಳು ನಾನು.

ಮಾರ್ಚ್ 9, ಭಾನುವಾರ

ಶೆಡ್ಡಿಗೆ ಹೋದೆ. ಕಾರು ಈಗ ಪೂರ್ತಿ ಬೂದಿ ಬಣ್ಣ. ಬಣ್ಣಕ್ಕೆ ಮೊದಲಿನ ಲೇಪ, ಪ್ರೈಮರ್, ಹೊಡೆದು ಮುಗಿದಿದೆ. ಅಂಗೈ ಎಳೆದರೆ ಎಲ್ಲೂ ಒಂದು ಏರಿಲ್ಲ, ಇಳಿವಿಲ್ಲ. ಮಗುವಿನ ಬೆನ್ನು ಸವರಿದ ಹಾಗಿದೆ.

"ಇಷ್ಟು ಸಾಕು. ಹೀಗೇ ತಗೊಂಡು ಹೋಗ್ತೀನಿ" ಎಂದೆ.

ಮೇಸ್ತ್ರಿ ಹೌಹಾರಿದರು. "ಪ್ರೈಮರ್ ನೀರು ಕುಡಿಯುತ್ತೆ. ಒಂದು ಮಳೆ ಬಂದರೆ ಒಳಗಿಂದ ತುಕ್ಕು. ಇಪ್ಪತ್ತು ದಿನದ ಕೆಲಸ ಮಣ್ಣುಪಾಲು. ನನ್ನ ಕಣ್ಣೆದುರಿಗೆ ಹೀಗೆ ಹೋಗೋಕೆ ಬಿಡಲ್ಲ."

"ಹಾಗಾದರೆ ಆ ಹಳೇ ಥರದ ಬಣ್ಣ ಹೊಡೀರಿ."

"ಈ ಪ್ರೈಮರಿನ ಮೇಲೆ ಅದು ಕೂರಲ್ಲ."

"ಬೇರೆ ಯಾರಿಗಾದರೂ ಹೇಳಿ."

"ಯಾರಿಗೆ? ಸೊಳ್ಳೆ ಮೇಲೆ ಹೊಡೆದೋನಿಗಾ?"

ಅರ್ಧ ಗಂಟೆ ಜಗಳ. ಕೊನೆಗೆ, ಊರಾಚೆ ದೊಡ್ಡ ಕಾರ್ಖಾನೆಯವರ ಹತ್ತಿರ ಗಾಳಿ ಬರುವ ಮಾಸ್ಕು, ಮುಚ್ಚಿದ ಕೋಣೆ ಎಲ್ಲ ಇದೆ, ಅಲ್ಲಿ ಪರಿಚಯದವನನ್ನು ವಿಚಾರಿಸುತ್ತೇನೆ ಎಂದರು. ಅಲ್ಲಿಯವರೆಗೆ ಗನ್ ಮುಟ್ಟುವುದಿಲ್ಲವೆಂದು ಮಾತು ಕೊಡಿ ಎಂದೆ. "ಹೂಂ" ಎಂದರು. ಈ ಗಂಡಸರ ಹೂಂ ಅನ್ನು ನಾನು ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದೇನೆ. ಆದರೂ ನಂಬಿ ಬಂದೆ.

ಮಾರ್ಚ್ 16, ಭಾನುವಾರ

ಹನ್ನೊಂದಕ್ಕೆ ಮೇಸ್ತ್ರಿಯ ಹೆಂಡತಿಯ ಫೋನ್. "ಅಕ್ಕಾ, ಬೇಗ ಬನ್ನಿ. ಬೆಳಿಗ್ಗೆ ನಾನು ಅಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ. ನಿಮ್ಮ ಗಾಡಿಗೆ ಹೊಡೀತಾ ಇದ್ದಾರೆ."

ಇವರು ಹಜಾರದಲ್ಲಿ ಕೂತಿದ್ದರು. "ಆಟೋ ಹಿಡೀರಿ" ಎಂದು ಕೂಗಿದೆ. ಚಪ್ಪಲಿ ಇಲ್ಲದೆ ಓಡಿ ಹಿಡಿದು ತಂದರು, ಹಾಗೇ ಜೊತೆಗೆ ಹತ್ತಿದರು.

ಶೆಡ್ಡಿನ ಒಳಕೋಣೆಯಲ್ಲಿ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಗುಡುಗುತ್ತಿತ್ತು. ಬಾಗಿಲು ಬಡಿದೆ, ಒದ್ದೆ, ಕೂಗಿದೆ. ತೆಗೆಯಲಿಲ್ಲ. ಗೋಡೆಯ ಮೇಲೆ ಮೇನ್ ಸ್ವಿಚ್ ಕಾಣಿಸಿತು. ಎಳೆದೆ. ಎಲ್ಲ ನಿಂತಿತು. ಆ ಮೌನದಲ್ಲಿ ಒಳಗಿನಿಂದ ಅವರ ಉಸಿರು ಕೇಳಿಸಿತು, ಒಡೆದ ಕೊಳಲು ಊದಿದ ಹಾಗೆ.

ಬಾಗಿಲು ತೆರೆದರು. ಮೂಗಿಗೆ ಅದೇ ಕರ್ಚೀಫು, ಕೈಯಲ್ಲಿ ಗನ್ನು. ಮುಖ ಕೆಂಡ.

"ಕರೆಂಟ್ ತೆಗೆದವರು ಯಾರು? ಕೊನೇ ಕೋಟು. ಅರ್ಧ ಬಾಗಿಲು ಉಳಿದಿತ್ತು. ಅರ್ಧ... ನಿಮಗೆ... ಗೊತ್ತೇನ್ರಿ..."

ಮಾತು ಮುಗಿಸಲಾಗಲಿಲ್ಲ. ಡ್ರಮ್ಮಿನ ಮೇಲೆ ಕುಸಿದು ಕೂತು, ಮಂಡಿಗೆ ಕೈಯೂರಿ, ಹೆಗಲನ್ನೆಲ್ಲ ಎತ್ತೆತ್ತಿ ಉಸಿರೆಳೆಯತೊಡಗಿದರು. ತುಟಿ ನೀಲಿ. ಸೇದುವ ಔಷಧಿ ಕೊಟ್ಟೆ, ಮತ್ತೆ ಕೊಟ್ಟೆ. ಒಳಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಎಂದರು. ಅವರ ಹತ್ತಿರ ನಲವತ್ತು ನಿಮಿಷ ಇರಲಿಲ್ಲ. ಬಂದಿದ್ದ ಆಟೋ ಹೊರಟುಹೋಗಿತ್ತು. ಅಲ್ಲಿದ್ದ ಗಾಡಿ ಒಂದೇ.

ಅದು ಹೊಳೆಯುತ್ತಿತ್ತು. ಬರೆದಿಡಬೇಕು ಇದನ್ನು. ನಾನು ಕೊಂಡ ದಿನವೂ ಅದು ಹಾಗೆ ಹೊಳೆದಿರಲಿಲ್ಲ. ಬಾವಿಯ ನೀರಿನ ಹಾಗೆ ಆಳವಾಗಿತ್ತು ಆ ನೀಲಿ. ಒಂದು ನಿಮಿಷವೂ ಅಲ್ಲ, ಒಂದು ಉಸಿರಿನಷ್ಟು ಹೊತ್ತು ನೋಡಿದೆ.

ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡೆ. ಮುಂದಿನ ಗಾಜಿಗೆ ಅಂಟಿಸಿದ್ದ ಪೇಪರನ್ನು ಹರಿದೆ. ಮೇಸ್ತ್ರಿ ಕೈ ಅಲ್ಲಾಡಿಸಿದರು, ಬೇಡ ಬೇಡ ಎಂದು. "ಹಸಿ... ಹಸಿ ಇದೆ..."

"ಬಾಯಿ ಮುಚ್ಚಿಕೊಂಡು ಹತ್ತಿ" ಎಂದೆ.

ನಾನು, ಹೆಂಡತಿ, ಇವರು, ಮೂವರೂ ಸೇರಿ ಎತ್ತಿ ಹಿಂದಿನ ಸೀಟಿಗೆ ಕೂರಿಸಿದೆವು. ಅವರ ಭುಜ ಬಾಗಿಲಿಗೆ ಉಜ್ಜಿತು. ಜಾರಿ ಬೀಳದ ಹಾಗೆ ಹೆಂಡತಿ ಬಾಗಿಲಿಗೆ ಕೈಯೂರಿ ನಿಂತು, ಆಮೇಲೆ ಪಕ್ಕದಲ್ಲಿ ಕೂತರು. ಇವರು ಮುಂದೆ ಕೂತರು. ಕಿಟಕಿ ಇಳಿಸಿದಾಗ ಅಂಟಿಸಿದ್ದ ಪೇಪರ್ ಚಿಂದಿಯಾಗಿ ಒಳಗೆಲ್ಲ ಹಾರಾಡಿತು.

ದೊಡ್ಡ ರಸ್ತೆಯಲ್ಲಿ ಅಗೆದು ಹಾಕಿದ್ದಾರೆ. ಮುಂದೆ ಮರಳಿನ ಲಾರಿ. ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಬಾನೆಟ್ಟಿನ ಮೇಲೆ ಮರಳು ಬಂದು ಬಂದು ಕೂರುವುದು ಕಾಣುತ್ತಿತ್ತು, ಹಸಿ ಬಣ್ಣಕ್ಕೆ ಒಂದೊಂದು ಕಾಳೂ ಅಂಟಿಕೊಳ್ಳುವುದು ಕಾಣುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಮೇಸ್ತ್ರಿ ಉಸಿರಿಗೆ ಒದ್ದಾಡುತ್ತ ಮುಂದಕ್ಕೆ ಬಾಗಿ, ಅದನ್ನೇ ನೋಡುತ್ತಿದ್ದರು. ಆ ಮುಖದಲ್ಲಿದ್ದದ್ದು ಸಾಯುವ ಭಯವಲ್ಲ.

ಒಂಬತ್ತು ನಿಮಿಷ. ತುರ್ತು ವಿಭಾಗದ ಬಾಗಿಲಿಗೇ ತಂದು ನಿಲ್ಲಿಸಿದೆ.

ಮಾರ್ಚ್ 17, ಸೋಮವಾರ

ಉಳಿದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಇಲ್ಲ ಎಂದರು ಡಾಕ್ಟರು.

ಡ್ಯೂಟಿ ಮುಗಿಸಿ ವಾರ್ಡಿಗೆ ಹೋದೆ. ಆಕ್ಸಿಜನ್ ಮಾಸ್ಕ್ ಸರಿಸಿ ಮೇಸ್ತ್ರಿ ಆಡಿದ ಮೊದಲ ಮಾತು: "ಬಟ್ಟೇಲಿ ಒರೆಸಿಲ್ಲ ತಾನೇ? ಒರೆಸಿದರೆ ಗೀರು ಬೀಳುತ್ತೆ."

ನನಗೆ ಎಲ್ಲಿತ್ತೋ ಸಿಟ್ಟು. "ಮಾತು ಕೊಟ್ಟು ತಪ್ಪಿದಿರಿ. ನಿಮ್ಮ ಹೆಂಡತಿಯ ಮುಖ ನೋಡಿದಿರಾ ನಿನ್ನೆ? ಒಂದು ಡಬ್ಬ ಬಣ್ಣಕ್ಕೆ ಪ್ರಾಣ ಕೊಡೋಕೆ ಹೊರಟವರು ನೀವೊಬ್ಬರೇ ಇರಬೇಕು" ಎಂದು ಕೂಗಿದೆ. ಇಡೀ ವಾರ್ಡು ತಿರುಗಿ ನೋಡಿತು. ನರ್ಸುಗಳೇ ಗಾಬರಿಯಾದರು.

ಮೇಸ್ತ್ರಿ ಹೇಳಿದರು. "ಕಾರ್ಖಾನೆಯವನು ಆಗಲ್ಲ ಅಂದ. ಅರ್ಧಕ್ಕೆ ಬಿಟ್ಟೋನು ಅನ್ನಿಸಿಕೊಳ್ಳಬಾರದು ಅಂತ. ಅಷ್ಟು ಬಂದು ನಿಂತು ನೋಡಿದವರು, ಜೊತೆಗೆ ಉಜ್ಜಿದವರು ಯಾರೂ ಇರಲಿಲ್ಲ ಸಿಸ್ಟರ್, ಇಷ್ಟು ವರ್ಷದಲ್ಲಿ. ನೀವು ಆ ಬಣ್ಣಾನೇ ಬೇಕು ಅಂದಿದ್ರಿ."

ದಿಂಬು ಸರಿ ಮಾಡಿ ಬಂದೆ.

ಇವರು ನಿನ್ನೆಯಿಂದ ಅಲ್ಲೇ ಇದ್ದರು. ಮೇಸ್ತ್ರಿಯ ಹೆಂಡತಿಗೆ ಊಟ ತಂದುಕೊಟ್ಟು, ಔಷಧಿಗೆ ಓಡಾಡಿ, ಬೆಂಚಿನ ಮೇಲೆ ಮಲಗಿದ್ದಾರೆ. ಕಾರಿನ ಬಣ್ಣದ ಮಾತು ಎತ್ತಲಿಲ್ಲ. ಎತ್ತಿದ್ದರೆ ಕಚ್ಚಿಬಿಡುತ್ತಿದ್ದೆ.

ಮಾರ್ಚ್ 19, ಬುಧವಾರ

ಇವರು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನ್ನನ್ನ ಕೇಳಬೇಕಿತ್ತು. ಕೊಡುವಾಗಲೂ, ಆಮೇಲೂ" ಎಂದರು.

"ಹೌದು, ಕೇಳಬೇಕಿತ್ತು" ಎಂದೆ. ಅಷ್ಟೇ. ಕ್ಷಮಿಸಿಲ್ಲ. ಟೀ ಎರಡು ಲೋಟ ಮಾಡಿದೆ.

ಮಾರ್ಚ್ 27, ಗುರುವಾರ

ಡಬ್ಬದ ಹಿಂದಿನ ಆ ಸಣ್ಣ ಅಕ್ಷರಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಶ್ವಾಸಕೋಶದ ಡಾಕ್ಟರು ಓದಿ ತಿದ್ದಿ ಸಹಿ ಹಾಕಿದರು. ಇವರು ಐವತ್ತು ಪ್ರತಿ ಮಾಡಿಸಿ, ಊರಿನ ಗ್ಯಾರೇಜುಗಳಿಗೆಲ್ಲ ಹಂಚಿ ಬಂದರು. ಪೇಂಟ್ ಅಂಗಡಿಯ ಬಾಗಿಲ ಪಕ್ಕದ ಕಂಬಕ್ಕೂ ಅಂಟಿಸಿದರಂತೆ. ಅಂಗಡಿಯವನು ಹೊರಗೆ ಬಂದು ತೆಗೆಯಿರಿ ಎಂದನಂತೆ.

"ನೀವೇನಂದ್ರಿ?"

"ತೆಗೆಯಲ್ಲ ಅಂದೆ."

ನಾನು ನಂಬಲಿಲ್ಲ. ಆಟೋದಲ್ಲಿ ಹೋಗಿ ನೋಡಿ ಬಂದೆ. ಅಲ್ಲೇ ಇದೆ. ಸ್ವಲ್ಪ ಸೊಟ್ಟಗೆ ಅಂಟಿಸಿದ್ದಾರೆ. ಇರಲಿ.

ಏಪ್ರಿಲ್ 11, ಶುಕ್ರವಾರ

ಮೇಸ್ತ್ರಿ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರವಾಯಿತು. ಡೆಂಟ್ ಎತ್ತುವ ಕೆಲಸ ಮಾತ್ರ ಮಾಡುತ್ತಾರೆ. ಶೆಡ್ಡಿನಲ್ಲಿ ಕಂಪ್ರೆಸರ್ ಇದ್ದ ಜಾಗ ಖಾಲಿ, ಹೆಂಡತಿಯೇ ನಿಂತು ಮಾರಿಸಿದರು. ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ. ಮೇಸ್ತ್ರಿ ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ನಿನ್ನೆ ಹೋದಾಗ ನನ್ನ ಕಾರಿನ ಕಡೆ ಬೆನ್ನು ಹಾಕಿಕೊಂಡೇ ಕೂತಿದ್ದರು. ಕೆಮ್ಮಲಿಲ್ಲ. ಒಂದು ಗಂಟೆ ಕೂತಿದ್ದೆ, ಒಂದು ಸಲವೂ ಕೆಮ್ಮಲಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅರಿವಳಿಕೆ ಡಾಕ್ಟರು ನನ್ನ ಪಕ್ಕದಲ್ಲೇ ಕಾರು ನಿಲ್ಲಿಸಿದರು. ಇಳಿದು, ನನ್ನ ಬಾನೆಟ್ಟಿನ ಮೇಲೆ ಬೆರಳಾಡಿಸಿ, ಬೆರಳ ತುದಿ ನೋಡಿಕೊಂಡರು.

"ಏನ್ ಸಿಸ್ಟರ್ ಇದು, ಎಮರಿ ಪೇಪರ್ ಥರ ಇದೆ. ಬಾಗಿಲ ಮೇಲೆ ಯಾರದೋ ಕೈ ಬೇರೆ ಅಚ್ಚಾಗಿದೆ. ಯಾರ ಹತ್ರ ಪೇಂಟ್ ಮಾಡಿಸಿದ್ರಿ? ಒಳ್ಳೆ ಟೋಪಿ ಹಾಕಿದ್ದಾನೆ ನಿಮಗೆ."

ಮೈಯೆಲ್ಲ ಉರಿದುಹೋಯಿತು. "ಕೈ ತೆಗೀರಿ ಡಾಕ್ಟರ್" ಎಂದೆ. ಅವರು ತೆಗೆದರು. "ಈ ಊರಿನಲ್ಲಿ ಅವರಷ್ಟು ಚೆನ್ನಾಗಿ ಬಣ್ಣ ಹೊಡೆಯುವವರು ಇನ್ನೊಬ್ಬರಿಲ್ಲ. ಗೊತ್ತಿಲ್ಲದ ಕೆಲಸದ ಬಗ್ಗೆ ಹಗುರವಾಗಿ ಮಾತಾಡಬೇಡಿ."

ಪಾಪ, ತಬ್ಬಿಬ್ಬಾದರು. "ಇಲ್ಲ, ಸುಮ್ಮನೆ ಕೇಳಿದೆ... ನನ್ನದಕ್ಕೂ ಮಾಡಿಸಬೇಕಿತ್ತು. ಅಷ್ಟು ಚೆನ್ನಾಗಿ ಮಾಡ್ತಾರೆ ಅಂದ್ರೆ ನಂಬರ್ ಕೊಡಿ ಹಾಗಾದ್ರೆ."

"ಕೊಡಲ್ಲ" ಎಂದೆ.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಒಂಬತ್ತಕ್ಕೆ ಮೊದಲ ಆಪರೇಷನ್. ನಲ್ಲಿಯ ಕೆಳಗೆ ಕೈ ಹಿಡಿದು, ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದೆ.